ಗೋಡೆಯಲ್ಲಿ ಫೆರಾರಿ, ಅಂಗಳದಲ್ಲಿ ಜೀಪು

ಸುಳ್ಯದ ಕಡೆಯ ಕೆಲವು ಮನೆಗಳಲ್ಲಿ ಕಾಣಸಿಗುವ ನೋಟವಿದು. ಪಿಯುಸಿ ಓದುವ ಮಗನ ಕೋಣೆಯ ಗೋಡೆಯಲ್ಲಿ ಕೆಂಪು ಫೆರಾರಿಯ ಚಿತ್ರ. ಅಂಗಳದಲ್ಲಿ ಅಡಿಕೆ ಗೋಣಿ ಹೇರಿಕೊಂಡು ನಿಂತ ಹಳೆಯ ಜೀಪು. ‘ಕೆಲಸ ಸಿಕ್ಕಿದ ಮೇಲೆ ಅಂಥದ್ದೇ ಕಾರು ಕೊಳ್ಳುತ್ತೇನೆ’ ಎನ್ನುತ್ತಾನೆ ಮಗ. ‘ಅದು ನಮ್ಮ ಮನೆಯ ಏರು ಹತ್ತೀತೇನೋ?’ ಎನ್ನುತ್ತಾರೆ ಅಪ್ಪ. ಯಾರ ಮಾತು ಸರಿ? ಈ ಪ್ರಶ್ನೆಗೆ ಭೌತಶಾಸ್ತ್ರದಲ್ಲಿ ಉತ್ತರವಿದೆ.

2019ರಲ್ಲಿ ಬಂದ ಫೆರಾರಿ ಎಸ್‌ಎಫ್ 90 ಸ್ಟ್ರಾಡಾಲೆ ಕಾರಿನಲ್ಲಿ ಎಂಟು ಸಿಲಿಂಡರಿನ ಎಂಜಿನ್ನೂ ಮೂರು ವಿದ್ಯುತ್ ಮೋಟಾರುಗಳೂ ಸೇರಿ 1,000 ಅಶ್ವಶಕ್ತಿ ಒದಗಿಸುತ್ತವೆ. ಗರಿಷ್ಠ ವೇಗ ಗಂಟೆಗೆ 340 ಕಿ.ಮೀ. ಅತ್ತ ನಮ್ಮ ಜೀಪುಗಳ ಪೂರ್ವಜ, ಎರಡನೇ ಮಹಾಯುದ್ಧದ ಕಾಲದಲ್ಲಿ 1941ರಿಂದ ಅಮೆರಿಕದಲ್ಲಿ ತಯಾರಾದ ವಿಲ್ಲಿಸ್ ಜೀಪಿಗೆ ಇದ್ದದ್ದು ಬರೇ 60 ಅಶ್ವಶಕ್ತಿ.

ಉಳಿದ ಶಕ್ತಿಯೆಲ್ಲ ಎಲ್ಲಿ ಖರ್ಚಾಗುತ್ತದೆ? ಮುಖ್ಯವಾಗಿ ಗಾಳಿಯನ್ನು ಸೀಳುವುದರಲ್ಲಿ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಅದನ್ನು ಎದುರಿಸಲು ಬೇಕಾದ ಶಕ್ತಿ ಎಂಟು ಮಡಿಯಾಗುತ್ತದೆ. ಗಂಟೆಗೆ 85 ಕಿ.ಮೀ.ನಿಂದ 340 ಕಿ.ಮೀ.ಗೆ ಏರಿದರೆ ವೇಗ ನಾಲ್ಕು ಪಟ್ಟು, ಬೇಕಾಗುವ ಶಕ್ತಿ 64 ಪಟ್ಟು! ನಮ್ಮ ದೇಶದ ಅತ್ಯುತ್ತಮ ರಸ್ತೆಯಲ್ಲೂ 120 ಕಿ.ಮೀ. ಮೀರಿ ಓಡಿಸಲು ಕಾನೂನು ಒಪ್ಪುವುದಿಲ್ಲ. ಆ ವೇಗದಲ್ಲಿ ಗಾಳಿ ಕೇಳುವ ಶಕ್ತಿ, 340ರಲ್ಲಿ ಕೇಳುವುದರ ಸುಮಾರು 23ರಲ್ಲಿ ಒಂದು ಪಾಲು ಮಾತ್ರ. ಉಳಿದದ್ದಕ್ಕೆ ಹಣ ಕೊಟ್ಟರೂ ರಸ್ತೆಯಲ್ಲಿ ಅದನ್ನು ಬಳಸುವ ಅವಕಾಶ ತೀರಾ ಕಡಿಮೆ.

ಮಾಣಿ–ಮೈಸೂರು ಹೆದ್ದಾರಿಯಿಂದ ಕೆಳಗಿಳಿದು ತೋಟದ ಮಣ್ಣಿನ ರಸ್ತೆ ಹಿಡಿದರೆ ಲೆಕ್ಕವೇ ಬೇರೆ. ಮಳೆಗಾಲದ ಕೆಸರಿನ ಏರಿನಲ್ಲಿ ಬೇಕಾದದ್ದು ವೇಗವಲ್ಲ, ಚಕ್ರವನ್ನು ತಿರುಗಿಸುವ ಬಲ, ಅಂದರೆ ಟಾರ್ಕ್. ವಿಲ್ಲಿಸ್ ಜೀಪಿನ ಅತಿ ಕೆಳಗಿನ ಗೇರಿನಲ್ಲಿ ಎಂಜಿನ್ ಸುಮಾರು 25 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ವೇಗ ಕಳೆದುಕೊಂಡಷ್ಟೇ ಬಲ ಹೆಚ್ಚುತ್ತದೆ. ಸನ್ನೆಕೋಲಿನ ತತ್ತ್ವವೂ ಇದೇ. ನಾಲ್ಕೂ ಚಕ್ರಗಳಿಗೆ ಆ ಬಲ ಹಂಚಿಹೋಗುತ್ತದೆ. ಜೀಪಿನ ಹೊಟ್ಟೆ ನೆಲದಿಂದ ಸುಮಾರು 22 ಸೆಂ.ಮೀ. ಎತ್ತರದಲ್ಲಿರುವುದರಿಂದ ಕಲ್ಲು ತಗಲುವುದೂ ಕಡಿಮೆ. ತಿರುವಿನಲ್ಲಿ ಮಗುಚದಿರಲೆಂದು ನೆಲಕ್ಕೆ ಅಂಟಿದಂತೆ ರೂಪಿಸಿದ ಫೆರಾರಿಗೆ ಈ ದಾರಿ ಹೇಳಿದ್ದಲ್ಲ.

ಖರ್ಚಿನ ಮಾತೂ ಇದೆ. 2025ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಹೊರರಾಜ್ಯದ ನೋಂದಣಿಯಲ್ಲಿ ಓಡುತ್ತಿದ್ದ ಇದೇ ಮಾದರಿಯ ಕಾರಿಗೆ ಸಾರಿಗೆ ಇಲಾಖೆ ದಂಡ ಸಹಿತ ವಸೂಲು ಮಾಡಿದ ರಸ್ತೆ ತೆರಿಗೆ ಸುಮಾರು 1.41 ಕೋಟಿ ರೂಪಾಯಿ. ಆ ತೆರಿಗೆಯ ಹಣದಲ್ಲೇ ಜೀಪಿನ ವಂಶದ ಏಳು ಹೊಸ ಥಾರ್ ವಾಹನ ಕೊಳ್ಳಬಹುದು. ಸಾಲದ್ದಕ್ಕೆ, ಕೆಟ್ಟರೆ ಫೆರಾರಿಯನ್ನು ದೂರದ ನಗರಕ್ಕೆ ಹೊತ್ತೊಯ್ಯಬೇಕು. ಜೀಪನ್ನಾದರೆ ಪೇಟೆಯ ಗ್ಯಾರೇಜಿನವರೇ ಬಿಚ್ಚಿ ಜೋಡಿಸುತ್ತಾರೆ.

ಹಾಗಾದರೆ ಮಗನ ಆಸೆ ಹುಚ್ಚೇ? ಅಲ್ಲ. 1953ರಲ್ಲಿ ಫ್ರಾನ್ಸಿನ ಲೆ ಮಾನ್ ಓಟದಲ್ಲಿ ಡಿಸ್ಕ್ ಬ್ರೇಕ್ ಅಳವಡಿಸಿದ ಜಾಗ್ವಾರ್ ಕಾರು ಗೆದ್ದಿತು. ಇಂದು ಅದೇ ಬಗೆಯ ಬ್ರೇಕು ಸಾಮಾನ್ಯ ಕಾರು, ಬೈಕುಗಳಲ್ಲೂ ಜೀವ ಉಳಿಸುತ್ತಿದೆ. ಓಟದ ಕಾರು ಒಂದು ಬಗೆಯ ಪ್ರಯೋಗಶಾಲೆ. ಅದರಿಂದ ಕಲಿಯುವುದು ಬಹಳ, ಕಲಿಯಲು ಅದನ್ನು ಕೊಳ್ಳಲೇಬೇಕೆಂದಿಲ್ಲ.

ಆದ್ದರಿಂದ ಹೆತ್ತವರು ಗೋಡೆಯ ಚಿತ್ರವನ್ನು ಕಿತ್ತು ಹಾಕುವುದು ಬೇಡ. ‘ಇದರ ಮೂತಿ ಇಷ್ಟು ಚೂಪೇಕೆ, ಜೀಪಿನದು ಚಪ್ಪಟೆ ಏಕೆ?’ ಎಂದು ಕೇಳಲಿ. ಉತ್ತರ ಹುಡುಕಹೊರಟ ಹುಡುಗ ಎಂಜಿನಿಯರಿಂಗಿನ ಮೊದಲ ಪಾಠ ಕಲಿತಂತೆಯೇ. ಮಳೆಗಾಲದ ನಡುರಾತ್ರಿ ಅಜ್ಜನಿಗೆ ಎದೆನೋವು ಬಂದಾಗ ಏರು ಇಳಿದು ಆಸ್ಪತ್ರೆ ಸೇರಿಸುವ ವಾಹನ ಯಾವುದೆಂಬುದು ಆಗ ಅವನಿಗೇ ಹೊಳೆಯುತ್ತದೆ.