ಕಸಿಯ ಗೇರೂ ತದ್ರೂಪಿ ಪ್ರಾಣಿಯ ಮಾಂಸವೂ

ಪುತ್ತೂರು, ಸುಳ್ಯ, ಕಡಬದ ತೋಟಗಳಲ್ಲಿನ ಕಸಿಯ ಗೇರುಮರವು ತಾಯಿಮರದ ತದ್ರೂಪಿಯೇ ಆಗಿರುವುದು. 1986ರಲ್ಲಿ ಪುತ್ತೂರಿನಲ್ಲಿ ಸ್ಥಾಪಿತವಾದ ಗೇರು ಸಂಶೋಧನ ಕೇಂದ್ರವು ಇಂತಹ ಸಸಿಗಳನ್ನು ಬೆಳೆಸಿ ಒದಗಿಸುತ್ತ ಬಂದಿದೆ. ಅವುಗಳ ಹಣ್ಣುಬೀಜಗಳನ್ನು ತಿನ್ನಲು ಯಾರೂ ಅಳುಕರು. ಇಲ್ಲಿನ ಅಂಗಡಿಗೆ ಇನ್ನೂ ಬಾರದ ತದ್ರೂಪಿ ಪ್ರಾಣಿಯ ಮಾಂಸವನ್ನು ಕುರಿತು ಮಾತ್ರ ಶಂಕೆಯೇಳುವುದೇಕೆ?

ಕಸಿಯಲ್ಲಿ ಮರದ ಕುಡಿಯೇ ಮುಂದುವರಿಯುವುದು. ಪ್ರಾಣಿಯಲ್ಲಾದರೋ ದೇಹದ ಒಂದು ಜೀವಕೋಶದ ಕೇಂದ್ರವನ್ನು ಬರಿದುಮಾಡಿದ ಅಂಡದೊಳಗಿರಿಸಬೇಕು. ಬಹುಪಾಲು ಭ್ರೂಣಗಳು ನಶಿಸುವುವು. 2009ರಲ್ಲಿ ಕರ್ನಾಲಿನಲ್ಲಿ ಹುಟ್ಟಿದ ಮೊದಲ ತದ್ರೂಪಿ ಎಮ್ಮೆಯ ಕರು ಕೆಲವೇ ದಿನ ಬದುಕಿತು. ಅಮೆರಿಕದ ಆಹಾರಾಧಿಕಾರಿಗಳು ತದ್ರೂಪಿ ದನ, ಹಂದಿ, ಆಡುಗಳ ಮಾಂಸವು ನಿರಪಾಯವೆಂದು 2008ರಲ್ಲಿ ಸಾರಿದರು. ಗುರುತುಚೀಟಿ ಬೇಕಿಲ್ಲವೆಂದೂ ಹೇಳಿದರು. ಕೊಳ್ಳುವವನ ಅಸಮಾಧಾನಕ್ಕೆ ಮುಖ್ಯ ಕಾರಣವಿದೇ. ಊರ ಕೋಳಿಯನ್ನೂ ಬ್ರಾಯ್ಲರನ್ನೂ ಹೆಸರು ಹೇಳಿಯೇ ಕೊಳ್ಳುವ ಈ ಸೀಮೆಯವರಿಗೆ ಅದನ್ನು ವಿವರಿಸಬೇಕಾಗಿಲ್ಲ.