‘ದೊಡ್ಡ ಕಂಪನಿ, ದುಡ್ಡು ಎಲ್ಲಿ ಹೋಗುತ್ತೆ?’

ಪೀಣ್ಯದ ನಾಲ್ಕಾರು ಸಣ್ಣ ವರ್ಕ್‌ಶಾಪ್‌ಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಅದರಲ್ಲೊಂದರ ಮಾಲೀಕರು ಎರಡು ಲೇತ್, ಒಂದು ಮಿಲ್ಲಿಂಗ್ ಮಷಿನ್ ಇಟ್ಟುಕೊಂಡು ಶಾಫ್ಟ್, ಬುಷ್ ಮಾಡಿಕೊಡುತ್ತಾರೆ. ಆರು ಜನ ಕೆಲಸಗಾರರಿದ್ದಾರೆ. ತಿಂಗಳ 7ಕ್ಕೆ ಸಂಬಳ, 20ಕ್ಕೆ ಜಿಎಸ್‌ಟಿ, ನಡುವೆ ಬೆಸ್ಕಾಂ ಬಿಲ್ಲು, ಮಷಿನ್ ಸಾಲದ ಕಂತು. ಕಬ್ಬಿಣದ ಅಂಗಡಿಯವರು ಒಂದು ವಾರದ ಮೇಲೆ ಉದ್ರಿ ಕೊಡುವುದಿಲ್ಲ. ಇವರ ಮಾಲು ಕೊಂಡ ಕಂಪನಿಯೋ ಆರು ತಿಂಗಳು ಕಾಯಿಸುತ್ತದೆ. ಯಾಕೆ ಸುಮ್ಮನಿದ್ದೀರಿ ಎಂದರೆ ಅವರದು ಒಂದೇ ಉತ್ತರ: ‘ದೊಡ್ಡ ಕಂಪನಿ ಸಾರ್, ದುಡ್ಡು ಎಲ್ಲಿ ಹೋಗುತ್ತೆ? ಜಾಸ್ತಿ ಕೇಳಿದ್ರೆ ಆರ್ಡರೇ ನಿಂತುಹೋಗುತ್ತೆ.’

ದುಡ್ಡು ಎಲ್ಲೂ ಹೋಗುವುದಿಲ್ಲ ಎಂಬ ಮಾತು ಅರ್ಧ ನಿಜ. ಅದು ಕಂಪನಿಯ ಖಾತೆಯಲ್ಲೇ ಇರುತ್ತದೆ, ಕಂಪನಿಯ ಕೆಲಸಕ್ಕೇ ಬರುತ್ತಿರುತ್ತದೆ. ಇವರು ಮಾತ್ರ ಸಂಬಳ ಕೊಡಲು ಹೆಂಡತಿಯ ಬಳೆ ಅಡವಿಟ್ಟು ಬಡ್ಡಿ ಕಟ್ಟುತ್ತಾರೆ. ಅಂದರೆ ದೊಡ್ಡ ಕಂಪನಿಗೆ ಬಂಡವಾಳ ಒದಗಿಸುತ್ತಿರುವವರು ಆರು ಜನರ ಈ ವರ್ಕ್‌ಶಾಪ್‌ನವರು, ಅದೂ ಬಡ್ಡಿಯಿಲ್ಲದೆ. ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಗಾದೆಯನ್ನು ನಮ್ಮ ಜನ ಪ್ರಕೃತಿ ನಿಯಮದಂತೆ ಒಪ್ಪಿಕೊಂಡುಬಿಟ್ಟಿದ್ದಾರೆ. ಕಾನೂನು ಹಾಗೆ ಒಪ್ಪಿಕೊಂಡಿಲ್ಲ. ಅದರಲ್ಲಿ ಏನಿದೆ ಎಂದು ಗೊತ್ತಿಲ್ಲದಿರುವುದೇ ಕಾಯಿಸುವವರ ದೊಡ್ಡ ಬಲ.

‘ಆರ್ಡರಿನಲ್ಲೇ 90 ದಿನ ಅಂತ ಬರೆದಿದೆ, ಏನೂ ಮಾಡೋಕಾಗಲ್ಲ’

ನಾನು ಅತಿ ಹೆಚ್ಚು ಕೇಳುವ ಮಾತು ಇದು, ಅತಿ ಹೆಚ್ಚು ನಷ್ಟ ಮಾಡಿರುವುದೂ ಇದೇ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಮಾಲು ಇಲ್ಲವೆ ಸೇವೆ ಪಡೆದವರು ಒಪ್ಪಂದದಲ್ಲಿ ಹೇಳಿದ ದಿನಕ್ಕೆ ಹಣ ಕೊಡಬೇಕು. ಆದರೆ ಒಪ್ಪಂದದಲ್ಲಿ ಏನೇ ಬರೆದಿರಲಿ, ಆ ಗಡುವು 45 ದಿನ ಮೀರುವಂತಿಲ್ಲ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನ. ಆರ್ಡರಿನಲ್ಲಿ 90 ಎಂದು ಅಚ್ಚು ಹಾಕಿ ಇಬ್ಬರೂ ಸಹಿ ಮಾಡಿದ್ದರೂ 46ನೇ ದಿನದಿಂದ ಬಡ್ಡಿ ಓಡಲು ಶುರುವಾಗುತ್ತದೆ.

ಈ ದಿನಗಳ ಎಣಿಕೆ ಎಲ್ಲಿಂದ ಶುರು? ಸೂಕ್ಷ್ಮ ಇರುವುದು ಇಲ್ಲೇ. ಕಂಪನಿಯ ಅಕೌಂಟ್ಸ್‌ನವರು ‘ಬಿಲ್ ಬುಕ್ ಆದ ದಿನದಿಂದ’ ಎನ್ನುತ್ತಾರೆ. ಬಿಲ್ ಬುಕ್ ಮಾಡುವುದು ಅವರ ಕೈಯಲ್ಲೇ ಇದೆ, ಮಾಡದಿದ್ದರೆ ಗಡಿಯಾರವೇ ನಡೆಯುವುದಿಲ್ಲ. ಕಾನೂನು ಎಣಿಸುವುದು ಮಾಲು ಸ್ವೀಕರಿಸಿದ ದಿನದಿಂದ. ಮಾಲು ತಲುಪಿದ 15 ದಿನದೊಳಗೆ ಕೊಂಡವರು ಬರವಣಿಗೆಯಲ್ಲಿ ತಕರಾರು ಕಳಿಸದಿದ್ದರೆ, ಮಾಲು ತಲುಪಿದ ದಿನವೇ ಸ್ವೀಕರಿಸಿದ ದಿನ. ಫೋನಿನಲ್ಲಿ ‘ಎರಡು ಪೀಸ್ ಸೈಜ್ ಔಟ್ ಇದೆ’ ಎಂದರೆ ಅದು ತಕರಾರಿನ ಲೆಕ್ಕಕ್ಕೆ ಬರುವುದಿಲ್ಲ. ನಾಲ್ಕು ತಿಂಗಳ ಮೇಲೆ ರಿಜೆಕ್ಷನ್ ಎಂದು ಡೆಬಿಟ್ ನೋಟ್ ಕಳಿಸಿದರೂ ಗಡುವು ಮುಂದಕ್ಕೆ ಸರಿಯುವುದಿಲ್ಲ.

ನಮ್ಮ ವರ್ಕ್‌ಶಾಪ್‌ನದೇ ಒಂದು ಬಿಲ್ಲು ನೋಡಿ. ಶಾಫ್ಟುಗಳ ಬೆಲೆ 2,00,000 ರೂಪಾಯಿ, ಶೇ 18ರ ಜಿಎಸ್‌ಟಿ 36,000, ಒಟ್ಟು 2,36,000. ಮಾಲು ಗೇಟಿನೊಳಗೆ ಹೋದದ್ದು ಜೂನ್ 12ಕ್ಕೆ. ತಕರಾರು ಬರಲಿಲ್ಲ. ಹಾಗಾಗಿ ಹೆಚ್ಚೆಂದರೆ ಜುಲೈ 27ಕ್ಕೆ ಹಣ ಬರಬೇಕಿತ್ತು. ಬಂದದ್ದು ಡಿಸೆಂಬರ್ 27ಕ್ಕೆ, ಸರಿಯಾಗಿ ಐದು ತಿಂಗಳು ತಡ.

ಆ ಮಾಲು ಜೂನ್ 12ಕ್ಕೆ ಒಳಗೆ ಹೋಯಿತು ಎಂದು ಹೇಗೆ ತೋರಿಸುತ್ತೀರಿ? ಡೆಲಿವರಿ ಚಲನ್‌ನ ಗುಲಾಬಿ ಪ್ರತಿಯಿಂದ. ಲಗೇಜ್ ಆಟೋದವನು ಅದನ್ನು ನಾಲ್ಕಾಗಿ ಮಡಚಿ ಅಂಗಿ ಜೇಬಿನಲ್ಲಿ ತಂದಿದ್ದ, ಮಡಿಕೆಯ ಗೆರೆಯ ಮೇಲೆ ಗ್ರೀಸಿನ ಬೆರಳಚ್ಚು. ಮೂಲೆಯಲ್ಲಿ ಸೆಕ್ಯುರಿಟಿಯವರು ಹಾಕಿದ ನೇರಳೆ ಮಸಿಯ ಇನ್‌ವರ್ಡ್ ಸೀಲು, ಅದರೊಳಗೆ ಬಾಲ್‌ಪೆನ್ನಿನಲ್ಲಿ ಗೇಟ್ ನಂಬರು, ತಾರೀಖು. ಇಡೀ ಹಕ್ಕು ನಿಂತಿದ್ದು ಆ ಸೀಲಿನ ಮೇಲೆ. ಅದೇ ವರ್ಷದ ಫೈಲಿನಲ್ಲಿ ಸೀಲಿಲ್ಲದ ಚಲನ್‌ಗಳೂ ಇದ್ದವು. ‘ಅರ್ಜೆಂಟ್ ಇತ್ತು ಸಾರ್, ಇಳಿಸಿ ಬಂದುಬಿಟ್ವಿ’ ಎಂದರು. ಹಣ ಕಳೆದುಕೊಳ್ಳುವುದು ಅಂಥ ಗಳಿಗೆಯಲ್ಲಿ. ಆರು ತಿಂಗಳ ನಂತರ ಅದು ಗೊತ್ತಾಗುತ್ತದೆ ಅಷ್ಟೆ.

‘ಬಡ್ಡಿ ಬಿಲ್ಲಿನಲ್ಲಿ ಬರೆದಿಲ್ಲವಲ್ಲ’

ಬರೆಯಬೇಕಾಗಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಕೊಡಬೇಕೆಂದು 16ನೇ ಸೆಕ್ಷನ್ನೇ ಹೇಳುತ್ತದೆ, ಅದೂ ತಿಂಗಳು ತಿಂಗಳು ಸೇರುವ ಚಕ್ರಬಡ್ಡಿ. ಬ್ಯಾಂಕ್ ದರ ಶೇ 5.5 ಎಂದು ಹಿಡಿದರೆ ವರ್ಷಕ್ಕೆ ಶೇ 16.5 ಆಯಿತು. ಮೇಲಿನ ಬಿಲ್ಲಿಗೆ ಐದು ತಿಂಗಳಿಗೆ 16,600 ರೂಪಾಯಿ ಮೀರುತ್ತದೆ. ಆ ವರ್ಕ್‌ಶಾಪ್‌ನಲ್ಲಿ ಅದು ಒಬ್ಬ ಹುಡುಗನ ಒಂದು ತಿಂಗಳ ಸಂಬಳದ ಹತ್ತಿರ ಬರುವ ಮೊತ್ತ. ಕೊಂಡವರು ಈ ಬಡ್ಡಿಯನ್ನು ತಮ್ಮ ಆದಾಯ ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತೆಯೂ ಇಲ್ಲ.

ಇಷ್ಟೆಲ್ಲ ತಿಳಿದ ಮೇಲೂ ನಮ್ಮ ಮಾಲೀಕರು ಬಡ್ಡಿ ಕೇಳಲಿಲ್ಲ. ನಾನು ಒತ್ತಾಯಿಸಲೂ ಇಲ್ಲ. ಮುಂದಿನ ಆರ್ಡರ್ ಬೇಕಾದವರು ಬಡ್ಡಿಯ ಕಾಗದ ಹಿಡಿದು ಹೋಗುವುದು ಎಷ್ಟು ಕಷ್ಟ ಎಂದು ಗೊತ್ತಿದೆ. ಆದರೆ ಕೇಳದಿರುವುದು ಬೇರೆ, ಕೇಳುವ ಹಕ್ಕಿಲ್ಲ ಎಂದುಕೊಳ್ಳುವುದು ಬೇರೆ. ಹಕ್ಕಿದೆ ಎಂದು ಗೊತ್ತಾದ ಮೇಲೆ ಅವರು ಪ್ರತಿ ಬಿಲ್ಲಿನ ಕೆಳಗೆ, ಸಣ್ಣ ಉದ್ಯಮವೆಂದು ಸರ್ಕಾರ ಕೊಡುವ ಉದ್ಯಮ್ ನೋಂದಣಿ ಸಂಖ್ಯೆ ಮತ್ತು ‘ಗಡುವು: ಮಾಲು ತಲುಪಿದ 45 ದಿನ’ ಎಂದು ಅಚ್ಚು ಹಾಕಿಸಿದರು. 40ನೇ ದಿನ ಒಂದು ಇಮೇಲ್ ಕಳಿಸುತ್ತಾರೆ, ಎರಡೇ ಸಾಲು, ಜಗಳದ ಧ್ವನಿಯಿಲ್ಲದೆ. ಆರ್ಡರ್ ನಿಂತಿಲ್ಲ. ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾನು ಹೇಳಲಾರೆ. ಆದರೆ ಸಮಯಕ್ಕೆ ಸರಿಯಾಗಿ ಒಳ್ಳೆಯ ಮಾಲು ಕೊಡುವವರನ್ನು ಎರಡು ಸಾಲಿನ ಇಮೇಲಿಗಾಗಿ ಬಿಡುವ ಪರ್ಚೇಸ್ ಮ್ಯಾನೇಜರ್‌ನನ್ನು ನಾನಂತೂ ನೋಡಿಲ್ಲ.

‘ಉದ್ಯಮ್ ಸರ್ಟಿಫಿಕೇಟ್ ಬ್ಯಾಂಕ್ ಸಾಲಕ್ಕೆ ಮಾತ್ರ’

ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಇದೆ. ಸರ್ಕಾರಿ ಪೋರ್ಟಲ್ಲಿನಲ್ಲಿ ಉಚಿತ. ಮಧ್ಯವರ್ತಿಗಳಿಗೆ ಸಾವಿರ, ಎರಡು ಸಾವಿರ ಕೊಟ್ಟು ಮಾಡಿಸಿದವರನ್ನು ಕಂಡಾಗ ಸಂಕಟವಾಗುತ್ತದೆ. 2025ರ ಏಪ್ರಿಲ್ 1ರಿಂದ ಮಿತಿಗಳೂ ದೊಡ್ಡದಾಗಿವೆ: ಯಂತ್ರೋಪಕರಣದ ಮೇಲಿನ ಹೂಡಿಕೆ 2.5 ಕೋಟಿ ಮತ್ತು ವಹಿವಾಟು 10 ಕೋಟಿ ರೂಪಾಯಿವರೆಗೆ ಸೂಕ್ಷ್ಮ. ಹೂಡಿಕೆ 25 ಕೋಟಿ, ವಹಿವಾಟು 100 ಕೋಟಿವರೆಗೆ ಸಣ್ಣ. ಹಣ ತಡವಾದಾಗ ಸಿಗುವ ರಕ್ಷಣೆ ಈ ಎರಡು ವರ್ಗಕ್ಕೆ. ಮಧ್ಯಮ ಉದ್ಯಮಕ್ಕಿಲ್ಲ.

ಹಣ ಸಿಕ್ಕಿಕೊಂಡ ಮೇಲೆ ನೋಂದಾಯಿಸಿದರಾಯಿತು ಎಂಬ ಎಣಿಕೆಯೂ ತಪ್ಪು. ನಂತರ ಮಾಡಿಸಿದ ನೋಂದಣಿ ಹಿಂದಿನ ಸರಬರಾಜಿಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತ್ತು. 2025ರ ಜನವರಿಯಲ್ಲಿ ಇನ್ನೊಂದು ಪೀಠ ಈ ಪ್ರಶ್ನೆಯನ್ನು ವಿಸ್ತೃತ ಪೀಠಕ್ಕೆ ಒಪ್ಪಿಸಿತು. ಆ ಚರ್ಚೆ ವಕೀಲರಿಗಿರಲಿ. ಮೊದಲ ಬಿಲ್ಲು ಹರಿಯುವ ಮುನ್ನವೇ ನೋಂದಣಿ ಮಾಡಿಸಿದವರಿಗೆ ಈ ತಲೆನೋವೇ ಇಲ್ಲ.

ಕಿರಾಣಿ, ಹಾರ್ಡ್‌ವೇರ್, ಬಟ್ಟೆ ಅಂಗಡಿಯವರು ಇಲ್ಲೊಂದು ವಿಷಯ ಗಮನಿಸಬೇಕು. ಚಿಲ್ಲರೆ, ಸಗಟು ವ್ಯಾಪಾರಿಗಳಿಗೂ 2021ರ ಜುಲೈನಿಂದ ಉದ್ಯಮ್ ನೋಂದಣಿ ಸಿಗುತ್ತದೆ, ಆದರೆ ಆದ್ಯತಾ ವಲಯದ ಸಾಲದ ಅನುಕೂಲಕ್ಕಷ್ಟೇ. 45 ದಿನದ ನಿಯಮ ಅವರಿಗೆ ಅನ್ವಯಿಸುವುದಿಲ್ಲ. ತಯಾರಿಸಿ ಕೊಡುವವರಿಗೆ, ಜಾಬ್‌ವರ್ಕ್‌ನಂಥ ಸೇವೆ ಕೊಡುವವರಿಗೆ ಅದು ಇದೆ. ‘ಇಂದು ನಗದು, ನಾಳೆ ಉದ್ರಿ’ ಎಂಬ ಹಳೆಯ ಬೋರ್ಡು ಅಂಗಡಿಯವರಿಗೆ ಇವತ್ತಿಗೂ ಬೇಕಾದದ್ದೇ.

‘ಕೋರ್ಟಿಗೆ ಹೋದರೆ ಮೊಮ್ಮಕ್ಕಳ ಕಾಲಕ್ಕೆ ತೀರ್ಪು’

ಸಿವಿಲ್ ಕೋರ್ಟಿನ ಬಗ್ಗೆ ಇರುವ ಈ ಭಯಕ್ಕೆ ಕಾರಣವಿದೆ. ಆದರೆ ಈ ವಿಷಯಕ್ಕೆಂದೇ ಬೇರೆ ದಾರಿಯಿದೆ: ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಫೆಸಿಲಿಟೇಷನ್ ಕೌನ್ಸಿಲ್. 2017ರಿಂದ ಸಮಾಧಾನ್ ಪೋರ್ಟಲ್ ಮೂಲಕ ಮನೆಯಲ್ಲೇ ಕೂತು ಅರ್ಜಿ ಹಾಕುವ ವ್ಯವಸ್ಥೆ ಬಂತು. 2025ರ ಜೂನ್‌ನಲ್ಲಿ ಆನ್‌ಲೈನಿನಲ್ಲೇ ವಿವಾದ ಬಗೆಹರಿಸುವ ಪೋರ್ಟಲ್ಲೂ ಶುರುವಾಗಿದೆ. ಕೌನ್ಸಿಲ್ ಮೊದಲು ರಾಜಿ ಮಾಡಿಸಲು ನೋಡುತ್ತದೆ, ಆಗದಿದ್ದರೆ ಮಧ್ಯಸ್ಥಿಕೆ ನಡೆಸಿ ಆದೇಶ ಕೊಡುತ್ತದೆ. ಕೊಂಡವರು ಪುಣೆಯಲ್ಲಿರಲಿ, ಗುರುಗ್ರಾಮದಲ್ಲಿರಲಿ, ಮಾಲು ಕೊಟ್ಟವರು ಕರ್ನಾಟಕದಲ್ಲಿದ್ದರೆ ಕರ್ನಾಟಕದ ಕೌನ್ಸಿಲ್ಲೇ ವಿಚಾರಣೆ ನಡೆಸಬಹುದು. ನಾವು ಅವರ ಊರಿಗೆ ಅಲೆಯಬೇಕಾಗಿಲ್ಲ.

ಕಾಯ್ದೆ ಹೇಳುವುದು 90 ದಿನದಲ್ಲಿ ತೀರ್ಮಾನವಾಗಬೇಕೆಂದು. ಅಷ್ಟರಲ್ಲಿ ಮುಗಿಯದ ಪ್ರಕರಣಗಳೇ ನನ್ನ ಕಣ್ಣಿಗೆ ಹೆಚ್ಚು ಬಿದ್ದಿವೆ, ಅದನ್ನು ಮುಚ್ಚಿಡಬಾರದು. ಆದರೂ ಕೌನ್ಸಿಲ್ ಆದೇಶಕ್ಕೆ ಒಂದು ಹಲ್ಲಿದೆ: ಅದನ್ನು ರದ್ದು ಮಾಡಿಸಲು ಕೋರ್ಟಿಗೆ ಹೋಗುವ ಕೊಂಡವರು ಮೊದಲು ಆದೇಶದ ಮೊತ್ತದ ಶೇ 75ನ್ನು ಠೇವಣಿ ಇಡಬೇಕು. ಮೇಲ್ಮನವಿಯ ನೆಪದಲ್ಲಿ ಎಳೆದಾಡುವವರಿಗೆ ಇದು ದೊಡ್ಡ ತಡೆ. ಕೌನ್ಸಿಲ್ಲಿನ ನೋಟಿಸ್ ಕೈಸೇರಿದ ಕೂಡಲೇ, ವಿಚಾರಣೆಗೂ ಮೊದಲೇ ಹಣ ಕಳಿಸಿದವರನ್ನು ನಾನು ನೋಡಿದ್ದೇನೆ.

‘ಮಾರ್ಚ್ ಬಂದರೆ ಅವರೇ ಕೊಡುತ್ತಾರೆ, ಹೊಸ ರೂಲ್ ಇದೆ’

2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆದಾಯ ತೆರಿಗೆಯ 43ಬಿ(ಎಚ್) ಬಗ್ಗೆ ಬಹಳ ಗದ್ದಲವಾಯಿತು. ಅದು ಹೇಳುವುದು ಇಷ್ಟೇ: ಗಡುವಿನೊಳಗೆ ಕೊಡದೆ ಉಳಿಸಿಕೊಂಡ ಹಣವನ್ನು ಕೊಂಡವರು ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ, ಕೊಟ್ಟ ವರ್ಷದಲ್ಲಿ ಮಾತ್ರ ತೋರಿಸಬೇಕು. ಇದರಿಂದ ಮಾರ್ಚ್‌ನಲ್ಲಿ ಒಂದಿಷ್ಟು ಬಾಕಿ ಬಂದದ್ದು ನಿಜ. ಆದರೆ ಏಪ್ರಿಲ್‌ನಲ್ಲಿ ಕಳಿಸಿದ ಮಾಲಿನ ಹಣ ಮುಂದಿನ ಮಾರ್ಚ್‌ನಲ್ಲಿ ಕೊಟ್ಟರೂ ಅವರಿಗೆ ತೆರಿಗೆಯ ತೊಂದರೆ ಇಲ್ಲ. ಇದನ್ನು ನಂಬಿ ಕೂತರೆ ಹನ್ನೊಂದು ತಿಂಗಳು ಕಾದಂತೆಯೇ. ಉದ್ಯಮ್ ನೋಂದಣಿ ರದ್ದು ಮಾಡಿಸಿ, ಆಗ ಆರ್ಡರ್ ಕೊಡುತ್ತೇವೆ ಎಂದ ಕೊಳ್ಳುವವರೂ ಇದ್ದರು. ಅಂಥವರ ಮಾತು ಕೇಳಿ ರದ್ದು ಮಾಡಿಸಿದರೆ 45 ದಿನವೂ ಇಲ್ಲ, ಬಡ್ಡಿಯೂ ಇಲ್ಲ.

‘ಹಣ ಬಂದಮೇಲೆ ಜಿಎಸ್‌ಟಿ ಕಟ್ಟಿದರಾಯಿತು’ ಎನ್ನುವವರು ಈಗ ಕಡಿಮೆ, ದಂಡ ಕಟ್ಟಿ ಕಲಿತಿದ್ದಾರೆ. ಮಾಲಿನ ತೆರಿಗೆ ಬಿಲ್ಲಿನ ತಾರೀಖಿಗೆ ಅಂಟಿಕೊಂಡಿದೆ. ಮೇಲಿನ ಜೂನ್ ಬಿಲ್ಲಿನ 36,000ದಲ್ಲಿ ಕಬ್ಬಿಣಕ್ಕೆ ಕೊಟ್ಟ ತೆರಿಗೆ ಕಳೆದು ಉಳಿದದ್ದನ್ನು ಜುಲೈ 20ಕ್ಕೆ ಕಟ್ಟಿದ್ದಾಗಿತ್ತು. ಕೈಗೆ ಬಂದದ್ದು ಡಿಸೆಂಬರ್‌ನಲ್ಲಿ. ಇದೇ ಜಿಎಸ್‌ಟಿಯ ಇನ್ನೊಂದು ನಿಯಮ ಬಹಳ ಜನರಿಗೆ ಗೊತ್ತಿಲ್ಲ. ಬಿಲ್ಲಿನ ತಾರೀಖಿನಿಂದ 180 ದಿನದೊಳಗೆ ಹಣ ಕೊಡದಿದ್ದರೆ ಕೊಂಡವರು ತಾವು ಪಡೆದ ಇನ್‌ಪುಟ್ ಕ್ರೆಡಿಟ್ಟನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು. ಐದನೇ ತಿಂಗಳಲ್ಲಿ ಈ ಒಂದು ವಾಕ್ಯವನ್ನು ಅವರ ಅಕೌಂಟ್ಸ್ ವಿಭಾಗಕ್ಕೆ ಬರೆದು ಕಳಿಸಿದರೆ, ಆರು ಸಲ ಮಾಡಿದ ಫೋನಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಚೆಕ್ಕಿನ ವಿಷಯ ಚುಟುಕಾಗಿ ಹೇಳುತ್ತೇನೆ. ಡ್ರಾಯರಿನಲ್ಲಿ ಚೆಕ್ ಇದ್ದರೆ ದುಡ್ಡಿದ್ದಂತೆ ಎಂದು ನಂಬಬೇಡಿ. ಅದರ ಆಯುಸ್ಸು ಮೂರೇ ತಿಂಗಳು. ವಾಪಸ್ಸಾದರೆ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಕಳಿಸಬೇಕು, ತಲುಪಿದ ಮೇಲೆ 15 ದಿನ ಕಾಯಬೇಕು, ಅದಾಗಿ ಒಂದು ತಿಂಗಳೊಳಗೆ ದೂರು ದಾಖಲಿಸಬೇಕು. ‘ಇನ್ನೊಂದು ಸಲ ಹಾಕಿ ನೋಡಿ’ ಎಂಬ ಸವಿಮಾತಿನಲ್ಲಿ ಈ ದಿನಗಳು ಜಾರಿಹೋಗುತ್ತವೆ.

ಕೊನೆಯದು, ‘ಪುಸ್ತಕದಲ್ಲಿ ಬರೆದಿದ್ದೇನೆ, ಯಾವತ್ತಿದ್ದರೂ ಕೊಡಲೇಬೇಕು’ ಎಂಬ ಮಾತು. ಕೊಡಬೇಕಾದದ್ದು ಧರ್ಮ, ಸರಿ. ಆದರೆ ಮಾರಿದ ಮಾಲಿನ ಹಣಕ್ಕೆ ಕಾಲಮಿತಿ ಕಾಯ್ದೆ ಕೊಡುವುದು ಮೂರು ವರ್ಷ. ಉದ್ರಿಯ ಗಡುವಿದ್ದರೆ ಅದು ಮುಗಿದ ದಿನದಿಂದ, ಇಲ್ಲದಿದ್ದರೆ ಮಾಲು ಕೊಟ್ಟ ದಿನದಿಂದ. ಅದು ದಾಟಿದರೆ ಕೋರ್ಟಿನ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆ. ನಿಮ್ಮ ಪುಸ್ತಕದಲ್ಲಿ ನೀವೇ ಬರೆದದ್ದು ಗಡುವನ್ನು ಹಿಗ್ಗಿಸುವುದಿಲ್ಲ; ಮೂರು ವರ್ಷ ತುಂಬುವ ಮೊದಲು ಸಾಲಗಾರರು ‘ಇಷ್ಟು ಬಾಕಿ ಇದೆ’ ಎಂದು ಬರೆದು ಸಹಿ ಮಾಡಿದರೆ ಅಲ್ಲಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಪ್ರತಿ ಮಾರ್ಚ್ ಕೊನೆಗೆ ಬ್ಯಾಲೆನ್ಸ್ ಕನ್ಫರ್ಮೇಷನ್ ಎಂಬ ಒಂದು ಹಾಳೆಗೆ ಸಹಿ, ಸೀಲು ಹಾಕಿಸಿಕೊಳ್ಳುವುದು ಅದಕ್ಕೇ. ‘ಲೆಕ್ಕ ತಾಳೆ ನೋಡಬೇಕಿತ್ತು’ ಎಂದು ಕೇಳಿದರೆ ಯಾರೂ ಮುನಿಸಿಕೊಳ್ಳುವುದಿಲ್ಲ.

ನೀವು ಇಂಥದ್ದೇ ಒಂದು ಸಣ್ಣ ಕಾರ್ಖಾನೆ ನಡೆಸುವವರಾದರೆ ನನ್ನದೊಂದು ಕೋರಿಕೆ. ನಾಳೆ ಶಟರ್ ಎತ್ತಿದ ಮೇಲೆ, ಮಷಿನ್ ಆನ್ ಮಾಡುವ ಮುನ್ನ, ಈ ವರ್ಷದ ಚಲನ್ ಫೈಲನ್ನು ಒಮ್ಮೆ ತಿರುವಿಹಾಕಿ. ಸೀಲು, ತಾರೀಖು ಎರಡೂ ಇಲ್ಲದ ಚಲನ್ ಎಷ್ಟಿವೆ ಎಂದು ಎಣಿಸಿ. ಆಟೋದವನನ್ನು ಕರೆದು, ಇನ್ನು ಮುಂದೆ ಸೀಲು ಬೀಳದೆ ಗೇಟು ಬಿಟ್ಟು ಬರಬೇಡಪ್ಪ ಎಂದು ಹೇಳಿ.