ಬೋರ್ಡ್ ಆಟಕ್ಕೆ ಕ್ರೌಡ್‌ಫಂಡಿಂಗ್: ತಯಾರಿಯಿಂದ ತಲುಪಿಸುವವರೆಗೆ

ಒಂದು ವಸ್ತು ತಯಾರಾಗುವ ಮೊದಲೇ, ಅದು ಬೇಕೆನ್ನುವ ನೂರಾರು ಜನರಿಂದ ಸಣ್ಣ ಸಣ್ಣ ಮೊತ್ತ ಕೂಡಿಸಿ, ಆ ಹಣದಲ್ಲೇ ಅದನ್ನು ಮಾಡಿಕೊಡುವ ಕ್ರಮಕ್ಕೆ ಕ್ರೌಡ್‌ಫಂಡಿಂಗ್ ಎಂದು ಹೆಸರು. ಹೆಸರು ಹೊಸದಾದರೂ ಕ್ರಮ ಕನ್ನಡಿಗರಿಗೆ ಹೊಸದಲ್ಲ. ದೊಡ್ಡ ಸಂಪುಟಗಳನ್ನು ಅಚ್ಚಿಗೆ ಹಾಕುವ ಮೊದಲು ಪ್ರಕಟಣಪೂರ್ವ ಬೆಲೆಗೆ ಮುಂಗಡ ಪಡೆಯುವುದು ಇಲ್ಲಿನ ಪ್ರಕಾಶಕರ ಹಳೆಯ ರೂಢಿ. 2013ರಲ್ಲಿ ತೆರೆಕಂಡ ಪವನ್ ಕುಮಾರ್ ನಿರ್ದೇಶನದ ‘ಲೂಸಿಯಾ’ ಚಿತ್ರಕ್ಕೆ 110 ಜನರಿಂದ ಸುಮಾರು 50 ಲಕ್ಷ ರೂಪಾಯಿ ಕೂಡಿಬಂದಿತ್ತು.

ಬೋರ್ಡ್ ಆಟಕ್ಕೆ ಈ ದಾರಿ ಚೆನ್ನಾಗಿ ಒಗ್ಗುತ್ತದೆ. ಆಟದ ಪೆಟ್ಟಿಗೆಯನ್ನು ಹತ್ತಿಪ್ಪತ್ತು ಪ್ರತಿ ಮಾಡಿಸಿದರೆ ಒಂದೊಂದಕ್ಕೂ ವಿಪರೀತ ಖರ್ಚು, ಐನೂರೋ ಸಾವಿರವೋ ಮಾಡಿಸಿದರೆ ಮಾತ್ರ ಬೆಲೆ ಕೈಗೆಟಕುತ್ತದೆ. ಅಷ್ಟು ಬಂಡವಾಳ ಒಬ್ಬ ಸ್ವತಂತ್ರ ಆಟ ವಿನ್ಯಾಸಕಾರನ ಬಳಿ ಇರುವುದಿಲ್ಲ. ಅಮೆರಿಕದಲ್ಲಿ 2009ರಲ್ಲಿ ಶುರುವಾದ ಕಿಕ್‌ಸ್ಟಾರ್ಟರ್ ತಾಣದಲ್ಲಿ ಬೋರ್ಡ್ ಆಟಗಳು ಬೆಳೆದದ್ದು ಇದೇ ಕಾರಣಕ್ಕೆ. ‘ಎಕ್ಸ್‌ಪ್ಲೋಡಿಂಗ್ ಕಿಟನ್ಸ್’ ಎಂಬ ಇಸ್ಪೀಟಿನಂಥ ಎಲೆಯಾಟಕ್ಕೆ 2015ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಹಣ ಕಟ್ಟಿದರು. 2020ರ ‘ಫ್ರಾಸ್ಟ್‌ಹೇವನ್’ ಸುಮಾರು 1.3 ಕೋಟಿ ಡಾಲರ್ ಕೂಡಿಸಿತು. ಮೊದಲ ಬಾರಿ ಕೈಹಾಕುವವರಿಗೆ ಇಂಥ ಅಂಕಿ ಅಳತೆಗೋಲಾಗಬಾರದು. ನಾಲ್ಕೈದು ನೂರು ಪ್ರತಿಗಳ ಅಭಿಯಾನವೇ ಅವರ ನಿಜವಾದ ಗಾತ್ರ.

ಮೈಸೂರಿನ ಆಸ್ತಿ

ಅಭಿಯಾನಕ್ಕೆ ಆಟ ಬೇಕು, ಆಟಕ್ಕೆ ವಸ್ತು ಬೇಕು. ಬೋರ್ಡ್ ಆಟದ ವಿಷಯದಲ್ಲಿ ಮೈಸೂರಿಗಿರುವಷ್ಟು ಹಿನ್ನೆಲೆ ದೇಶದ ಕೆಲವೇ ಊರುಗಳಿಗಿದೆ. ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) 1831ರಲ್ಲಿ ಆಡಳಿತ ಬ್ರಿಟಿಷರ ವಶವಾದ ಮೇಲೆ ಸಾಹಿತ್ಯ, ಕಲೆಗಳ ಜತೆಗೆ ಆಟಗಳಲ್ಲೂ ಮನಸ್ಸಿಟ್ಟರು. ಚದುರಂಗದ ಕುದುರೆ ಎಲ್ಲ ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ನಡೆಗಳನ್ನು ಹೆಣೆದರು, ಹೊಸ ಹಾಸುಗಳನ್ನು ರೂಪಿಸಿದರು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ ಗ್ರಂಥದ ಒಂಬತ್ತು ಭಾಗಗಳಲ್ಲಿ ‘ಕೌತುಕ ನಿಧಿ’ ಆಟಗಳಿಗೇ ಮೀಸಲು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಹಾಸುಗಳಿವೆ. ಗಂಜೀಫಾ ಎಂಬ ಹಳೆಯ ಎಲೆಯಾಟದ ಮೈಸೂರು ಎಲೆಗಳಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ. ನಗರದ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಪಗಡೆ, ಚೌಕಾಬಾರ, ಅಳಗುಳಿಮಣೆ, ಹುಲಿ-ಕುರಿ ಆಟಗಳನ್ನು ಬೇರೆ ಬೇರೆ ಊರಿನ ಕರಕುಶಲ ಶೈಲಿಗಳಲ್ಲಿ ಮತ್ತೆ ಮಾರುಕಟ್ಟೆಗೆ ತಂದಿದೆ.

ಈ ಪರಂಪರೆಯಿಂದ ಏನನ್ನು ತೆಗೆದುಕೊಳ್ಳಬಹುದು ಎಂಬ ಪ್ರಶ್ನೆಗೆ ಕಾನೂನು ಸ್ಪಷ್ಟ ಉತ್ತರ ಕೊಡುತ್ತದೆ. 1970ರ ಪೇಟೆಂಟ್ ಕಾಯ್ದೆಯ 3(ಎಂ) ಕಲಮಿನ ಪ್ರಕಾರ ಆಟವಾಡುವ ವಿಧಾನಕ್ಕೆ ಪೇಟೆಂಟ್ ಸಿಗುವುದಿಲ್ಲ. ಆದ್ದರಿಂದ ಚೌಕಾಬಾರದ ನಡೆಯಾಗಲಿ, ಗಂಜೀಫಾದ ಲೆಕ್ಕವಾಗಲಿ ಯಾರೊಬ್ಬರ ಸೊತ್ತೂ ಅಲ್ಲ. ಹೊಸ ಆಟ ಕಟ್ಟಿದವರ ನಡೆಯನ್ನು ಇನ್ನೊಬ್ಬರು ಬಳಸಿದರೂ ತಡೆಯುವುದು ಕಷ್ಟ. ಹಕ್ಕುಸ್ವಾಮ್ಯದ ರಕ್ಷಣೆ ಇರುವುದು ನಿಯಮ ಪುಸ್ತಕದ ಬರಹಕ್ಕೆ, ಚಿತ್ರಗಳಿಗೆ. ಹೆಸರಿಗೆ ಬೇಕಾದದ್ದು ಟ್ರೇಡ್‌ಮಾರ್ಕ್. ಹಳೆಯ ಹಾಸನ್ನು ಆಧರಿಸಿದ ಆಟಕ್ಕೆ ಈಚಿನ ಪುಸ್ತಕದ ಫೋಟೋ ಎತ್ತಿಕೊಳ್ಳುವ ಬದಲು ಚಿತ್ರವನ್ನು ಹೊಸದಾಗಿ ಬರೆಸುವುದು ಕ್ಷೇಮ.

ಆಟ ಪಕ್ಕಾ ಆಗುವುದು

ಹಣ ಕೇಳುವ ಮೊದಲು ಆಟ ಮುಗಿದಿರಬೇಕು. ಕಿಕ್‌ಸ್ಟಾರ್ಟರ್ ಕೂಡ ವಸ್ತುರೂಪದ ಯೋಜನೆಗಳಿಗೆ ಕೆಲಸ ಮಾಡುವ ಮಾದರಿಯನ್ನು ಕಡ್ಡಾಯವಾಗಿ ಕೇಳುತ್ತದೆ. ರಟ್ಟಿನ ಮಾದರಿಯನ್ನು ಮೊದಲು ಗೆಳೆಯರ ನಡುವೆ, ಬಳಿಕ ಅಪರಿಚಿತರ ನಡುವೆ ಆಡಿಸಲಾಗುತ್ತದೆ. ಕೊನೆಯ ಪರೀಕ್ಷೆ ಎಲ್ಲಕ್ಕಿಂತ ಕಠಿಣ: ಪೆಟ್ಟಿಗೆಯನ್ನು ಹೊಸಬರ ಕೈಗಿತ್ತು, ಆಟ ಕಟ್ಟಿದವರು ಬಾಯಿ ಬಿಡದೆ ಪಕ್ಕದಲ್ಲಿ ಕೂರಬೇಕು.

ಚೌಕಾಬಾರವನ್ನೇ ನೋಡಿದರೆ ಇದರ ಅಗತ್ಯ ತಿಳಿಯುತ್ತದೆ. ಐದೈದು ಮನೆಗಳ ಹಾಸು, ನಾಲ್ಕು ಕವಡೆ, ಆಟಗಾರನಿಗೆ ನಾಲ್ಕು ಕಾಯಿ. ನಾಲ್ಕೂ ಕವಡೆ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ ಎಂಟು. ಕಟ್ಟೆಯಲ್ಲಿರುವ ಕಾಯನ್ನು ಹೊಡೆಯುವಂತಿಲ್ಲ, ನಡುಮನೆ ಸೇರಿದ ಕಾಯಿ ಹಣ್ಣು. ಇಷ್ಟರವರೆಗೆ ಹೆಚ್ಚಿನವರು ಒಪ್ಪುತ್ತಾರೆ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗಬಹುದೇ, ಚೌಕ ಬಿದ್ದರೆ ಇನ್ನೊಂದು ಆಟ ಉಂಟೇ ಎಂದರೆ ಮನೆಗೊಂದು ನಿಯಮ. ಅಜ್ಜಿ ಹೇಳಿದ್ದೇ ಕೊನೆ ಮಾತಾಗುವ ಮನೆಯಾಟದಲ್ಲಿ ಇದರಿಂದ ತೊಂದರೆಯಿಲ್ಲ. ಹಣ ಕೊಟ್ಟು ಕೊಂಡ ಪೆಟ್ಟಿಗೆಯಲ್ಲಿ ಮಾತ್ರ ಪ್ರತಿ ಸಂದರ್ಭಕ್ಕೂ ಒಂದೇ ಉತ್ತರ ಇರಬೇಕು. ಆಡುವವರು ಎಲ್ಲಿ ತಡವರಿಸಿದರೋ ಅಲ್ಲಿ ತಿದ್ದಬೇಕಾದದ್ದು ನಿಯಮ ಪುಸ್ತಕವನ್ನು.

ವೇದಿಕೆ ಮತ್ತು ಕಾನೂನು

ಕಿಕ್‌ಸ್ಟಾರ್ಟರ್‌ನಲ್ಲಿ ಭಾರತೀಯರು ಹಣ ಕಟ್ಟಬಹುದು. ಅಭಿಯಾನ ಹೂಡಲು ಅವಕಾಶವಿರುವ ದೇಶಗಳ ಪಟ್ಟಿಯಲ್ಲಿ ಮಾತ್ರ ಭಾರತದ ಹೆಸರಿಲ್ಲ. ಆ ದೇಶಗಳಲ್ಲಿ ಕಂಪನಿ ಅಥವಾ ಪಾಲುದಾರರು ಇದ್ದವರಿಗಷ್ಟೇ ಆ ದಾರಿ. ಮುಂಬೈಯಲ್ಲಿ ರೂಪುಗೊಂಡ ‘ಶಾಸನ್’ ಎಂಬ ರಾಜಕೀಯದ ಆಟ 2019ರಲ್ಲಿ ಅಲ್ಲಿ ಅಭಿಯಾನ ನಡೆಸಿದೆ. ಉಳಿದವರಿಗೆ ಎರಡು ದಾರಿಗಳಿವೆ: ದೇಶದೊಳಗಿನ ತಾಣ, ಇಲ್ಲವೇ ಸ್ವಂತ ಜಾಲತಾಣದಲ್ಲಿ ಯುಪಿಐ, ಕಾರ್ಡ್ ಮೂಲಕ ಮುಂಗಡ ಬುಕಿಂಗ್. ಬೆಂಗಳೂರಿನ ಮಿಲಾಪ್‌ನಂಥ ಹೆಸರಾಂತ ತಾಣಗಳು ಬಹುಮಟ್ಟಿಗೆ ಚಿಕಿತ್ಸೆ ಮತ್ತು ದಾನದ ಕೋರಿಕೆಗಳಿಗೆ ಹೆಸರಾದವು. ಅಲ್ಲಿಗೆ ಬರುವವರು ಆಟ ಹುಡುಕಿಕೊಂಡು ಬರುವವರಲ್ಲ. ಯಾವ ತಾಣವಾದರೂ ಮೊದಲು ನೋಡಬೇಕಾದದ್ದು, ಗುರಿ ಮುಟ್ಟದಿದ್ದರೆ ಹಣ ಹಿಂತಿರುಗುತ್ತದೆಯೇ ಎಂಬುದನ್ನು. ಕಿಕ್‌ಸ್ಟಾರ್ಟರ್‌ನದು ‘ಪೂರ್ತಿ ಬಂದರೆ ಮಾತ್ರ’ ಎಂಬ ಕ್ರಮ. ಸ್ವಂತ ತಾಣದಲ್ಲಿ ಬುಕಿಂಗ್ ಪಡೆಯುವವರೂ ಅದೇ ಮಾತು ಕೊಟ್ಟು, ಹಣ ವಾಪಸಿನ ದಿನಾಂಕವನ್ನು ಬರೆದೇ ತಿಳಿಸುವುದು ಲೇಸು.

ಹಣ ಕೊಟ್ಟವರಿಗೆ ಆಟ ಕೊಡುವುದು ಒಂದು ಬಗೆ, ಲಾಭದ ಪಾಲು ಕೊಡುವುದು ಬೇರೊಂದೇ ಬಗೆ. ಸಾರ್ವಜನಿಕರಿಂದ ಷೇರು ರೂಪದ ಹಣ ಎತ್ತಲು ಕಂಪನಿ ಕಾಯ್ದೆ ಮತ್ತು ಸೆಬಿಯ ನಿರ್ಬಂಧಗಳಿವೆ. ಸಣ್ಣ ಅಭಿಯಾನ ಆಟದ ಪೆಟ್ಟಿಗೆ ತಲುಪಿಸುವ ಮಾತನ್ನಷ್ಟೇ ಕೊಡಬೇಕು. ಅದರಲ್ಲೂ ಕಂಪನಿಯಾಗಿ ನೋಂದಾಯಿಸಿಕೊಂಡವರು ಸರಕಿಗಾಗಿ ಪಡೆದ ಮುಂಗಡವನ್ನು 365 ದಿನಗಳೊಳಗೆ ಸರಕು ಕೊಟ್ಟು ತೀರಿಸದಿದ್ದರೆ ಅದು ಠೇವಣಿಯ ನಿಯಮಗಳ ಅಡಿಗೆ ಬರುತ್ತದೆ. ಎರಡು ವರ್ಷದ ಕನಸಿಗೆ ಇಂದೇ ಹಣ ಕೇಳಬಾರದು ಎನ್ನಲು ಇದೊಂದೇ ಕಾರಣ ಸಾಕು.

2021ರ ಜನವರಿ 1ರಿಂದ, 14 ವರ್ಷದೊಳಗಿನ ಮಕ್ಕಳಿಗಾಗಿ ತಯಾರಾದ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಗಿದೆ. ನೋಂದಾಯಿತ ಕುಶಲಕರ್ಮಿಗಳು ಮಾಡಿ ಮಾರುವ ವಸ್ತುಗಳಿಗೆ ವಿನಾಯಿತಿ ಇದೆ. ಆಟ ಯಾವ ವಯಸ್ಸಿನವರದು ಎಂಬುದನ್ನು ಪೆಟ್ಟಿಗೆಯ ವಿನ್ಯಾಸಕ್ಕೂ ಮುಂಚೆ ತೀರ್ಮಾನಿಸಬೇಕಾದದ್ದು ಇದಕ್ಕೇ. ಬೋರ್ಡ್ ಆಟಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಹೊರರಾಜ್ಯಗಳಿಗೆ ಸರಕು ಮಾರುವವರಿಗೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ವಹಿವಾಟು ಸಣ್ಣದಿದ್ದರೂ ನೋಂದಣಿ ಬೇಕು.

ಗುರಿ ಮೊತ್ತದ ಲೆಕ್ಕ

ಲೆಕ್ಕ ಶುರುವಾಗುವುದು ಅಚ್ಚುಕೂಟದಲ್ಲಿ. ಎಲೆಗಳ ಮುದ್ರಣದಲ್ಲಿ ಒಂದು ದೊಡ್ಡ ಹಾಳೆಗೆ 54 ಅಥವಾ 55 ಎಲೆ ಕೂರಿಸುವುದು ಸಾಮಾನ್ಯ. 54 ಎಲೆಯ ಆಟ ಒಂದು ಹಾಳೆಯಲ್ಲಿ ಮುಗಿದರೆ, 60 ಎಲೆಯ ಆಟಕ್ಕೆ ಎರಡನೆಯ ಹಾಳೆ ಬೇಕು. ಮುಮ್ಮಡಿಯವರ ಕಾಲದ, ಮುನ್ನೂರಕ್ಕೂ ಹೆಚ್ಚು ಎಲೆಗಳ ಗಂಜೀಫಾವನ್ನು ಇದ್ದ ಹಾಗೇ ಅಚ್ಚು ಹಾಕಿಸಲು ಹೊರಟರೆ ಆರೇಳು ಹಾಳೆ. ಚನ್ನಪಟ್ಟಣದ ಅರಗಿನ ಕಾಯಿಗಳು ಅಂದವೇ, ಆದರೆ ಪೆಟ್ಟಿಗೆಗೆ 16ರಂತೆ 500 ಪೆಟ್ಟಿಗೆಗೆ 8,000 ಕಾಯಿಗಳು ಚರಕಿಯ ಮೇಲೆ ತಿರುಗಬೇಕು. ಅದಕ್ಕೆ ಹಿಡಿಯುವ ಕಾಲವನ್ನು ಕುಶಲಕರ್ಮಿಯಿಂದಲೇ ಕೇಳಿ ತಿಳಿಯಬೇಕು.

ಒಂದು ಕಲ್ಪಿತ ಲೆಕ್ಕ ನೋಡೋಣ. 500 ಪ್ರತಿಗಳ ಮುದ್ರಣ, ಜೋಡಣೆಗೆ ಪ್ರತಿಗೆ 450 ರೂಪಾಯಿಯಂತೆ 2,25,000. ಚಿತ್ರ ಮತ್ತು ವಿನ್ಯಾಸಕ್ಕೆ 60,000. ಮಾದರಿ, ವಿಡಿಯೊಗೆ 25,000. ಹಾಳಾದ, ಕಳೆದುಹೋದ ಪ್ರತಿಗಳಿಗೆಂದು 15,000. ಇವು 3,25,000 ರೂಪಾಯಿಯ ಸ್ಥಿರ ಖರ್ಚು. ಆಟದ ಬೆಲೆ ತೆರಿಗೆ ಸೇರಿ 1,050. ಇದರಲ್ಲಿ ಜಿಎಸ್‌ಟಿ 50, ತಾಣ ಮತ್ತು ಪಾವತಿ ಶುಲ್ಕ ಶೇ 10 ಎಂದುಕೊಂಡರೆ 105, ಪ್ಯಾಕಿಂಗ್ ಮತ್ತು ಕೊರಿಯರ್ 150 ಕಳೆದು ಕೈಗೆ ಉಳಿಯುವುದು 745. ಸ್ಥಿರ ಖರ್ಚು ಹುಟ್ಟಲು 437 ಪ್ರತಿ ಮಾರಾಟವಾಗಬೇಕು. ಗುರಿ ಮೊತ್ತ ಸುಮಾರು 4,60,000.

ತೆರಿಗೆ, ಶುಲ್ಕಗಳನ್ನು ಮರೆತು, ಸ್ಥಿರ ಖರ್ಚಿಗೆ 500 ಪ್ರತಿಗಳ ಪ್ಯಾಕಿಂಗ್ ಮತ್ತು ಕೊರಿಯರ್ ಮಾತ್ರ ಸೇರಿಸಿ ಒಟ್ಟು ಖರ್ಚು 4 ಲಕ್ಷವೆಂದು 4 ಲಕ್ಷದ ಗುರಿ ಇಟ್ಟರೆ 381 ಬೆಂಬಲಿಗರಿಗೇ ಗುರಿ ಮುಟ್ಟಿಬಿಡುತ್ತದೆ. ಆಗ 500 ಪ್ರತಿ ಅಚ್ಚು ಹಾಕಿಸಲು 41 ಸಾವಿರ ರೂಪಾಯಿ ಕೈಯಿಂದ ಬೀಳುತ್ತದೆ. ಗೆದ್ದು ಸೋಲುವುದು ಎಂದರೆ ಇದೇ. ಈ ಲೆಕ್ಕದಲ್ಲಿ ಆಟ ಕಟ್ಟಿದವರ ಕೂಲಿ ಇನ್ನೂ ಸೇರಿಲ್ಲ.

ಜನ ಮೊದಲು, ಪುಟ ಆಮೇಲೆ

437 ಬೆಂಬಲಿಗರು ಅಭಿಯಾನದ ಪುಟ ತೆರೆದ ದಿನ ಎಲ್ಲಿಂದಲೋ ಬರುವುದಿಲ್ಲ. ಅವರಲ್ಲಿ ದೊಡ್ಡ ಪಾಲು ಮೊದಲೇ ಆಟ ಆಡಿದವರು, ಹೆಸರು ಬರೆಸಿದವರು ಆಗಿರಬೇಕು. ಮೈಸೂರಿನಲ್ಲಿ ಇದಕ್ಕೆ ಜಾಗಗಳಿಗೆ ಕೊರತೆಯಿಲ್ಲ: ಕಾಲೇಜು, ಗ್ರಂಥಾಲಯ, ಬಡಾವಣೆಯ ಸಂಘ, ಬೊಂಬೆ ಕೂರಿಸುವ ಮನೆ, ದಸರಾ ವಸ್ತುಪ್ರದರ್ಶನ. ಆಡಿಸಿದ ಕಡೆಯಲ್ಲೆಲ್ಲ ಒಪ್ಪಿಗೆ ಪಡೆದು ಫೋನ್ ನಂಬರ್, ಇಮೇಲ್ ಬರೆಸಿಕೊಂಡರೆ ಪಟ್ಟಿ ಬೆಳೆಯುತ್ತದೆ. ಪಟ್ಟಿಯಲ್ಲಿದ್ದವರೆಲ್ಲ ಹಣ ಕಟ್ಟುವುದಿಲ್ಲ. ಆದ್ದರಿಂದ ಪಟ್ಟಿ ಗುರಿಗಿಂತ ಹಲವು ಪಟ್ಟು ಉದ್ದವಿರಬೇಕು.

ಅಭಿಯಾನದ ಪುಟ ಐದು ಪ್ರಶ್ನೆಗಳಿಗೆ ಉತ್ತರಿಸಿದರೆ ಸಾಕು: ಆಟ ಏನು, ಎಷ್ಟು ಜನ ಎಷ್ಟು ಹೊತ್ತು ಆಡಬಹುದು, ಪೆಟ್ಟಿಗೆಯಲ್ಲಿ ಏನೇನಿದೆ, ಬೆಲೆ ಎಷ್ಟು, ಯಾವಾಗ ಕೈ ಸೇರುತ್ತದೆ. ವಿಡಿಯೊದ ಮೊದಲ ಅರ್ಧ ನಿಮಿಷದಲ್ಲೇ ಆಟ ನಡೆಯುತ್ತಿರುವುದು ಕಾಣಬೇಕು. ಅರಮನೆಯ ಇತಿಹಾಸ ಆಮೇಲೆ ಬಂದರೂ ನಡೆಯುತ್ತದೆ. ನಿಯಮ ಪುಸ್ತಕವನ್ನು ಪೂರ್ತಿ ಓದಲು ಕೊಟ್ಟರೆ ನಂಬಿಕೆ ಹೆಚ್ಚುತ್ತದೆ. ಕೊಳ್ಳುವ ಬಗೆಗಳು ಎರಡು ಮೂರಕ್ಕಿಂತ ಹೆಚ್ಚು ಬೇಡ: ಸಾದಾ ಪೆಟ್ಟಿಗೆ, ಮರದ ಕಾಯಿಗಳ ಪೆಟ್ಟಿಗೆ, ಶಾಲೆ-ಗ್ರಂಥಾಲಯಗಳಿಗೆ ಐದರ ಕಟ್ಟು.

ಅಭಿಯಾನದ ದಿನಗಳು

ಕಿಕ್‌ಸ್ಟಾರ್ಟರ್ 60 ದಿನಗಳವರೆಗೆ ಅವಕಾಶ ಕೊಟ್ಟರೂ 30 ದಿನ ಅಥವಾ ಅದಕ್ಕಿಂತ ಕಡಿಮೆ ಅವಧಿಯನ್ನೇ ಸಲಹೆ ಮಾಡುತ್ತದೆ. ಹಣ ಹೆಚ್ಚಾಗಿ ಬರುವುದು ಮೊದಲ ಮತ್ತು ಕೊನೆಯ ಕೆಲವು ದಿನಗಳಲ್ಲಿ. ನಡುವಿನ ವಾರಗಳು ತಣ್ಣಗಿರುತ್ತವೆ. ಅದಕ್ಕಾಗಿ ಆನ್‌ಲೈನ್ ಆಟ, ಚಿತ್ರಕಾರರ ಪರಿಚಯ, ಪತ್ರಿಕಾ ಲೇಖನಗಳನ್ನು ನಡುವಿಗೇ ಉಳಿಸಿಕೊಳ್ಳಬೇಕು. ಗುರಿ ದಾಟಿದ ಮೇಲೆ ಹುಮ್ಮಸ್ಸಿನಲ್ಲಿ ಹೊಸ ಹೊಸ ವಸ್ತು ಸೇರಿಸುವ ಮಾತು ಕೊಡುವುದು ಅಪಾಯ. ಒಂದು ಮರದ ದಾಳ ಸೇರಿಸಿದರೂ ಪೆಟ್ಟಿಗೆಯ ತೂಕ, ಕೊರಿಯರ್ ದರ, ತಯಾರಿಯ ಕಾಲ ಮೂರೂ ಬದಲಾಗುತ್ತವೆ. ಗಟ್ಟಿ ರಟ್ಟು, ಒಳ್ಳೆಯ ಲ್ಯಾಮಿನೇಷನ್‌ನಂಥ ಸುಧಾರಣೆಗಳೇ ಕ್ಷೇಮ.

ತಲುಪಿಸುವುದು

ದಿನಾಂಕವನ್ನು ಕೊನೆಯಿಂದ ಹಿಂದಕ್ಕೆ ಎಣಿಸಬೇಕು. ನವರಾತ್ರಿಗೆ ಆಟ ಮನೆ ಸೇರಬೇಕೆಂದರೆ ಮುದ್ರಣ, ಜೋಡಣೆಗೆ ನಾಲ್ಕೈದು ತಿಂಗಳು, ಅಂತಿಮ ಮಾದರಿ ಮತ್ತು ಕೊರಿಯರ್‌ಗೆ ಇನ್ನಷ್ಟು ಕಾಲ ಹಿಂದಕ್ಕೆ ಹೋಗಿ ಫೆಬ್ರುವರಿ–ಮಾರ್ಚ್‌ನಲ್ಲಿ ಅಭಿಯಾನ ಮುಗಿಸಬೇಕು. ಜನರ ಪಟ್ಟಿ ಕಟ್ಟುವ ಕೆಲಸ ಹಿಂದಿನ ದಸರಾದಲ್ಲೇ ಆರಂಭವಾಗಬೇಕು. ಮಳೆಗಾಲದ ತೇವಕ್ಕೆ ರಟ್ಟು ಬಾಗುವುದರಿಂದ ಹಾಸುಗಳನ್ನು ಅಂಟಿಸಿ ಒಣಗಿಸುವ ಕೆಲಸ ಜೂನ್‌ಗೆ ಮೊದಲೇ ಮುಗಿದರೆ ಒಳ್ಳೆಯದು. ಪೂರ್ತಿ ಮುದ್ರಣಕ್ಕೆ ಮುನ್ನ ಒಂದು ಅಂತಿಮ ಪೆಟ್ಟಿಗೆ ಮಾಡಿಸಿ, ತೂಗಿ, ದೂರದ ಊರೊಂದಕ್ಕೆ ಕೊರಿಯರ್‌ನಲ್ಲಿ ಕಳಿಸಿ ನೋಡಬೇಕು. ಮೂಲೆ ಜಜ್ಜಿಹೋಗಿದ್ದರೆ ಪ್ಯಾಕಿಂಗ್ ಬದಲಿಸಲು ಆಗಲೂ ಸಮಯವಿರುತ್ತದೆ.

ತಡವಾದರೆ ಕಾರಣ ಮತ್ತು ಹೊಸ ದಿನಾಂಕವನ್ನು ಬೆಂಬಲಿಗರಿಗೆ ಕೂಡಲೇ ತಿಳಿಸಬೇಕು. ತಡವಾದುದಕ್ಕಿಂತ ಸುದ್ದಿ ಇಲ್ಲದಿರುವುದೇ ಜನರನ್ನು ಹೆಚ್ಚು ಕೆರಳಿಸುತ್ತದೆ. ಕೊನೆಯ ಪೆಟ್ಟಿಗೆ ಮುಟ್ಟಿದ ಮೇಲೆ ಆದಾಯ-ಖರ್ಚಿನ ಪಟ್ಟಿಯನ್ನು ಬೆಂಬಲಿಗರ ಮುಂದಿಟ್ಟರೆ ಎರಡನೆಯ ಆಟಕ್ಕೆ ಅದೇ ಬಂಡವಾಳ. ಮೊದಲ ಸಲ ಹೊರಡುವವರು ಒಂದು ಹಾಳೆಯ ಎಲೆಗಳಲ್ಲಿ, ಒಂದು ಚಿಕ್ಕ ಪೆಟ್ಟಿಗೆಯಲ್ಲಿ ಮುಗಿಯುವ ಆಟವನ್ನೇ ಆರಿಸಿಕೊಳ್ಳಲಿ.